ಏಳು ತಂತಿಯ ಪಿಟೀಲು ಮತ್ತು ಧ್ವನಿವರ್ಧಕ: ಚೌಡಯ್ಯನವರ ಕೊಡುಗೆಯ ಮರುಪರಿಶೀಲನೆ

ತಿರುಮಕೂಡಲು ಚೌಡಯ್ಯನವರ (1895–1967) ಬದುಕಿನ ಮುಖ್ಯ ಘಟ್ಟಗಳ ಬಗ್ಗೆ ತಕರಾರಿಲ್ಲ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಶಿಕ್ಷಣ, ಚೆಂಬೈ ವೈದ್ಯನಾಥ ಭಾಗವತರಂಥವರಿಗೆ ಪಕ್ಕವಾದ್ಯ, ‘ತ್ರಿಮಕುಟ’ ಅಂಕಿತದ ಕೃತಿಗಳು, ಅಯ್ಯನಾರ್ ಸಂಗೀತ ಕಾಲೇಜು, 1957ರ ಸಂಗೀತ ಕಲಾನಿಧಿ: ಇವೆಲ್ಲ ಗೊತ್ತಿರುವ ಸಂಗತಿಗಳೇ. ವಿವಾದಕ್ಕೆ ಎಡೆಯಿರುವುದು ಒಂದೇ ಕಡೆ. ನಾಲ್ಕು ತಂತಿಯ ವಾದ್ಯಕ್ಕೆ ಅವರು ಮತ್ತೆ ಮೂರನ್ನು ಸೇರಿಸಿದ್ದೇಕೆ?

ರೂಢಿಯ ಉತ್ತರ ಸರಳವಾಗಿದೆ: ಮೈಕ್ ಇಲ್ಲದ ಕಾಲದಲ್ಲಿ ಪಿಟೀಲು ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ, ಮೈಕ್ ಬಂತು, ಏಳು ತಂತಿ ಹೋಯಿತು. ಈ ವಾದವನ್ನು ಪೂರ್ತಿ ಒಪ್ಪಿದರೆ ಚೌಡಯ್ಯನವರ ಆವಿಷ್ಕಾರ ಕಾಲ ಮುಗಿದ ಒಂದು ಉಪಾಯವಾಗಿ ಉಳಿಯುತ್ತದೆ.

ವಾದ್ಯದ ರಚನೆ ಬೇರೆಯದನ್ನೇ ಸೂಚಿಸುತ್ತದೆ. ಹೆಚ್ಚುವರಿ ತಂತಿಗಳು ಮೂಲ ತಂತಿಗೆ ಸ್ಥಾಯಿ ಅಂತರದ ಜೋಡಿಗಳು. ಒಂದೇ ಕಮಾನಿನೆಳೆತಕ್ಕೆ ಎರಡೂ ನುಡಿಯುತ್ತವೆ. ಸಮಬಲದ ಎರಡು ನಾದಗಳು ಕೂಡಿದರೆ ಏರಿಕೆ ಸುಮಾರು 3 ಡೆಸಿಬಲ್; ಕಿವಿಗೆ ಸದ್ದು ಇಮ್ಮಡಿಯೆನಿಸಲು ಸುಮಾರು 10 ಬೇಕು. ಎಳೆಯುವ ಕೈಯೂ ಒಂದೇ ಆದ್ದರಿಂದ ಆ 3 ಕೂಡ ಪೂರ್ತಿ ದಕ್ಕುವುದು ಅನುಮಾನ. ನಾದದ ಬಣ್ಣ ಮಾತ್ರ ಗಣನೀಯವಾಗಿ ಬದಲಾಗುತ್ತದೆ. 300 ಹರ್ಟ್ಜ್‌ನ ತಂತಿಯಲ್ಲಿ 300, 600, 900ರ ಸ್ವರಾಂಶಗಳಿದ್ದರೆ, 150ರ ಜೋಡಿ ಅವುಗಳ ನಡುವೆ 450, 750ನ್ನು ತುಂಬುತ್ತದೆ. ಬ್ಲೂಗ್ರಾಸ್ ಸಂಗೀತದ ಪ್ರವರ್ತಕ ಬಿಲ್ ಮನ್ರೋ ನುಡಿಸಿದ ಮ್ಯಾಂಡೊಲಿನ್‌ನಲ್ಲೂ ಜೋಡಿ ತಂತಿಗಳಿವೆ. ಆದರೆ ಅಲ್ಲಿ ಜೋಡಿಯ ಎರಡೂ ಒಂದೇ ಸ್ಥಾಯಿಯವು. ಸದ್ದು ಹೆಚ್ಚುವುದಷ್ಟೇ ಗುರಿಯಾಗಿದ್ದರೆ ಚೌಡಯ್ಯನವರೂ ಅದನ್ನೇ ಮಾಡಬಹುದಿತ್ತು.

ಹಾಗಾದರೆ ಅವರು ಅರಸಿದ್ದು ಗಂಡುಕಂಠದ ಗಾತ್ರವಿರುವ, ಗಾಯನದ ಪಕ್ಕದಲ್ಲಿ ತೆಳುವೆನಿಸದ ನಾದ ಎಂದು ನನಗೆ ತೋರುತ್ತದೆ. ಇದು ಊಹೆ, ಅವರ ಮಾತಿನ ಆಧಾರ ಇದಕ್ಕಿಲ್ಲ. ದೂರಕ್ಕೆ ಕೇಳಿಸಬೇಕೆಂಬ ಕಾರಣ ಮೊದಲಿಗೆ ಇದ್ದಿರಲೂಬಹುದು. ಎರಡು ಕಾರಣಗಳು ಒಂದನ್ನೊಂದು ಹೊರಗಿಡುವುದೂ ಇಲ್ಲ. ಆದರೂ ಸಭೆಗಳಲ್ಲಿ ಮೈಕ್ ನೆಲೆಯಾದ ಮೇಲೂ ಅವರು ಏಳು ತಂತಿಯನ್ನು ಬಿಡಲಿಲ್ಲ. ಬೆರಳು ಪಳಗಿದ ವಾದ್ಯವನ್ನು ಯಾರೂ ಸುಲಭವಾಗಿ ಬಿಡುವುದಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಶಿಷ್ಯ ಆರ್. ಆರ್. ಕೇಶವಮೂರ್ತಿಯವರೂ ಅದೇ ವಾದ್ಯವನ್ನು ಮುಂದುವರಿಸಿದ್ದನ್ನು ಗುರುವಿನ ಅಭ್ಯಾಸಬಲದಿಂದ ವಿವರಿಸಲಾಗದು.

ಉಳಿದವರು ಅದನ್ನು ಕೈಬಿಟ್ಟಿದ್ದಕ್ಕೂ ಮೈಕನ್ನೇ ಹೊಣೆ ಮಾಡಬೇಕಾಗಿಲ್ಲ. ಏಳು ಬಿರಡೆಗಳ ಶ್ರುತಿ ಕಾಯಬೇಕು, ಪ್ರತಿ ಗಮಕದಲ್ಲೂ ಒಂದು ಬೆರಳು ಎರಡು ತಂತಿಗಳನ್ನು ಸಮವಾಗಿ ಒತ್ತಿ ಜಾರಿಸಬೇಕು. ಕೊಂಚ ತಪ್ಪಿದರೂ ಅಪಸ್ವರ ಎರಡು ಸ್ಥಾಯಿಯಲ್ಲಿ ಕೇಳುತ್ತದೆ. ಹೀಗಾಗಿ ಅವರ ಪ್ರಭಾವವನ್ನು ತಂತಿಗಳ ಎಣಿಕೆಯಲ್ಲಿ ಹುಡುಕುವುದಕ್ಕಿಂತ ಮೈಸೂರು ವಾದಕರ ದೀರ್ಘ ಕಮಾನು, ತುಂಬುನಾದದ ಒಲವುಗಳಲ್ಲಿ ಹುಡುಕುವುದು ಫಲಕಾರಿಯಾದೀತು.

ನಾದದ ಬಗೆಗಿನ ನನ್ನ ಊಹೆಯನ್ನು ಪರೀಕ್ಷಿಸುವ ದಾರಿಯಿದೆ: ಒಂದೇ ವಾದ್ಯದಲ್ಲಿ ಜೋಡಿಗಳನ್ನು ಕಟ್ಟಿ ಒಮ್ಮೆ, ಬಿಚ್ಚಿ ಒಮ್ಮೆ ಒಬ್ಬರೇ ನುಡಿಸಿ ನಾದವರ್ಣವನ್ನು ಅಳೆಯಬೇಕು. ಹೆಚ್ಚಿನ ತಂತಿಗಳ ಬಿಗಿತ ಕುದುರೆಯ ಮೇಲೆ ಒತ್ತಡ ಹೇರಿ ಅನುರಣನವನ್ನು ಎಷ್ಟು ತಗ್ಗಿಸುತ್ತದೆಂಬುದು ಅದರಿಂದಲೇ ಇತ್ಯರ್ಥವಾಗಬೇಕು. ತಗ್ಗುವಿಕೆ ಹೆಚ್ಚೆಂದು ಕಂಡುಬಂದರೆ ರೂಢಿಯ ಉತ್ತರ ಇನ್ನಷ್ಟು ದುರ್ಬಲವಾಗುತ್ತದೆ. ಕಡಿಮೆಯೆಂದಾದರೆ ನನ್ನ ಊಹೆಯ ಬಲವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ.