ಹಿಮಸಮುದ್ರದಲ್ಲಿ ಎರಡು ಹಡಗುಗಳು

ಹದಿನಾರನೆಯ ಶತಮಾನದಲ್ಲಿ ಪೂರ್ವದೇಶಗಳ ಮೆಣಸಿಗೂ ರೇಷ್ಮೆಗೂ ಹೋಗುವ ಕಡಲದಾರಿಗಳು ಪೋರ್ಚುಗೀಸರ ಮತ್ತು ಸ್ಪೇನ್ ದೇಶದವರ ವಶದಲ್ಲಿದ್ದುವು. ಅಮೆರಿಕಾ ಖಂಡದ ಉತ್ತರವನ್ನು ಬಳಸಿ ಚೀನಾ ದೇಶವನ್ನು ಸೇರಬಹುದೆಂಬ ಆಸೆ ಆಗ ಆಂಗ್ಲೇಯರಲ್ಲಿ ಹುಟ್ಟಿತು. 1576ರಲ್ಲಿ ಹೊರಟ ಮಾರ್ಟಿನ್ ಫ್ರೋಬಿಷರನ ಹಡಗು ದಾರಿಗೆ ಬದಲಾಗಿ ಒಂದು ಕರಿಯ ಕಲ್ಲನ್ನು ತಂದಿತು. ಹೊನ್ನಿನ ಅದಿರೆಂದು ನಂಬಿ ಮುಂದಿನ ಎರಡು ಯಾತ್ರೆಗಳಲ್ಲಿ ಹಡಗುಗಟ್ಟಲೆ ಹೇರಿ ತಂದರೂ ಅದರಲ್ಲಿ ಹೊನ್ನು ದೊರೆಯಲಿಲ್ಲ. 1611ರಲ್ಲಿ ಹೆನ್ರಿ ಹಡ್ಸನನ ನಾವಿಕರು ದಂಗೆಯೆದ್ದು, ಅವನನ್ನೂ ಅವನ ಮಗನನ್ನೂ ಕೆಲವರು ಸಂಗಡಿಗರನ್ನೂ ಸಣ್ಣ ದೋಣಿಯೊಂದರಲ್ಲಿ ಬಿಟ್ಟು ಹಿಂದಿರುಗಿದರು.

1845ರ ವೇಳೆಗೆ ಈ ದಾರಿಯಿಂದ ವ್ಯಾಪಾರಕ್ಕೆ ಹೆಚ್ಚು ಲಾಭವಿಲ್ಲವೆಂಬುದು ಬಲ್ಲವರಿಗೆ ತಿಳಿದಿದ್ದಿತು. ಉಳಿದಿದ್ದುದು ಛಲವೊಂದೇ. ಆ ವರ್ಷದ ಮೇ ತಿಂಗಳಲ್ಲಿ ಐವತ್ತೊಂಬತ್ತು ವಯಸ್ಸಿನ ಸರ್ ಜಾನ್ ಫ್ರಾಂಕ್ಲಿನನು ‘ಎರೆಬಸ್’, ‘ಟೆರರ್’ ಎಂಬ ಎರಡು ಹಡಗುಗಳೊಡನೆ ಥೇಮ್ಸ್ ನದಿಯಿಂದ ಹೊರಟನು. ಮೂರು ವರ್ಷಗಳಿಗಾಗುವ ಆಹಾರ, ಉಗಿಯಂತ್ರ, ಪುಸ್ತಕಭಂಡಾರ, ಯಾವುದಕ್ಕೂ ಕೊರತೆಯಿರಲಿಲ್ಲ. 1846ರ ಸೆಪ್ಟೆಂಬರಿನಲ್ಲಿ ಕಿಂಗ್ ವಿಲಿಯಂ ದ್ವೀಪದ ಬಳಿ ಹಿಮವು ಎರಡು ಹಡಗುಗಳನ್ನೂ ಹಿಡಿದುಕೊಂಡಿತು. ಮುಂದಿನ ಬೇಸಗೆಯಲ್ಲಿಯೂ ಅದು ಬಿಡಲಿಲ್ಲ. 1847ರ ಜೂನ್ 11ರಂದು ಫ್ರಾಂಕ್ಲಿನನು ಮಡಿದನು. 1848ರ ಏಪ್ರಿಲಿನಲ್ಲಿ, ಉಳಿದಿದ್ದ 105 ಮಂದಿ ಹಡಗುಗಳನ್ನು ತೊರೆದು ದಕ್ಷಿಣಾಭಿಮುಖವಾಗಿ ನಡೆದರು. ಮುಂದೆ ದೊರೆತ ಅವರ ಒಂದು ದೋಣಿಯಲ್ಲಿ ಬೆಳ್ಳಿಯ ಚಮಚಗಳೂ ಸಾಬೂನೂ ಮನೆಯಲ್ಲಿ ಮೆಟ್ಟುವ ಪಾದರಕ್ಷೆಗಳೂ ಇದ್ದುವು. ಹಸಿದ ಜನ ಇವನ್ನೇಕೆ ಹಿಮದ ಮೇಲೆ ಎಳೆದರೋ! ಹೊರಟವರಲ್ಲಿ 129 ಮಂದಿ ಮರಳಲೇ ಇಲ್ಲ.

ಇವರ ಗತಿಯನ್ನು ಮೊದಲು ತಿಳಿದು ತಂದವನು ಜಾನ್ ರೇ ಎಂಬ ವೈದ್ಯ. ಇನೂಯಿಟ್ ಜನರಿಂದ ಹಿಮದ ಮನೆ ಕಟ್ಟುವುದನ್ನು ಕಲಿತು, ಅವರಂತೆ ಬೇಟೆಯಾಡಿ ಬದುಕಬಲ್ಲವನಾಗಿದ್ದನು. 1854ರಲ್ಲಿ ಅವರು ಹೇಳಿದುದನ್ನು ಅವನು ಹಾಗೆಯೇ ವರದಿಮಾಡಿದನು: ಬಿಳಿಯ ಜನ ಹಸಿವಿನಿಂದ ಸತ್ತರು, ಕಡೆಗೆ ಸತ್ತವರ ಮಾಂಸವನ್ನು ತಿಂದರು. ಸಾಕ್ಷಿಗೆ ಫ್ರಾಂಕ್ಲಿನನ ಪದಕವೂ ಇದ್ದಿತು. ಲಂಡನ್ ಕನಲಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು ತನ್ನ ವಾರಪತ್ರಿಕೆಯಲ್ಲಿ, ಇದು ಅನಾಗರಿಕರ ಮಾತೆಂದು ತಳ್ಳಿಹಾಕಿ, ಅವರೇ ಕೊಂದಿರಬಹುದೆಂದೂ ಸೂಚಿಸಿದನು. ದೀನರ ದುಃಖವನ್ನು ಅಷ್ಟು ಬಲ್ಲ ಲೇಖನಿಗೆ ಇಲ್ಲಿ ಕಣ್ಣು ಮಂಜಾಯಿತು.

ಅದೇ ಯಾತ್ರೆಯಲ್ಲಿ ರೇ ಕಂಡ ಜಲಸಂಧಿಯ ಮೂಲಕವೇ ನಾರ್ವೆಯ ಅಮುಂಡ್ಸೆನನು 1903ರಿಂದ 1906ರ ವರೆಗಿನ ಯಾತ್ರೆಯಲ್ಲಿ ಆರು ಮಂದಿ ಸಂಗಡಿಗರೊಡನೆ ಚಿಕ್ಕ ಹಡಗಿನಲ್ಲಿ ದಾಟಿದನು. ಅವನೂ ಆ ಜನರಿಂದ ಉಡುವ ರೀತಿಯನ್ನು ಕಲಿತನು.

ಮೂಳೆಗಳ ಮೇಲಣ ಕತ್ತಿಯ ಗುರುತುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 1997ರಲ್ಲಿ ಇನೂಯಿಟರ ಮಾತು ನಿಜವೆಂದರು. ಹಡಗೊಂದು ಮುಳುಗಿತೆಂದು ಅವರ ಹಿರಿಯರು ತಲೆಮಾರುಗಳಿಂದ ಹೇಳುತ್ತಿದ್ದ ಕಡೆಯಲ್ಲಿಯೇ 2014ರಲ್ಲಿ ‘ಎರೆಬಸ್’ ಸಿಕ್ಕಿತು. ಸ್ಯಾಮಿ ಕೊಗ್ವಿಕ್ ಎಂಬ ಇನೂಯಿಟನು, ಹಿಂದೆ ಮೀನು ಹಿಡಿಯಲು ಹೋಗುತ್ತಿದ್ದಾಗ ಹಿಮದಿಂದ ಮೇಲೆದ್ದಿದ್ದ ಪಟಸ್ತಂಭದಂತಹ ಮರವನ್ನು ಕಂಡುದಾಗಿ ಹೇಳಿದನು. ಅವನು ತೋರಿದ ಕೊಲ್ಲಿಯಲ್ಲಿ 2016ರಲ್ಲಿ ‘ಟೆರರ್’ ದೊರೆಯಿತು.