ಹೆಸರು ಕೂಗುವ ವಾರ

2019ರ ಏಪ್ರಿಲ್ 20, ಶನಿವಾರ. ಬೆಳಿಗ್ಗೆ ಎಂಟು ಹೊಡೆಯುತ್ತಿದ್ದ ಹಾಗೆ ನಮ್ಮ ಬೀದಿಯಲ್ಲಿ ಮೈಕು ಶುರುವಾಯಿತು. ತಿಪಟೂರಿನಿಂದ ಬಂದಿದ್ದ ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಲ್ಕನಿಗೆ ಓಡಿದಳು. ಟೋಕಿಯೋದ ಎದೊಗಾವಾ ವಾರ್ಡಿನ ನಿಶಿ-ಕಸಾಯ್‌ನಲ್ಲಿ ನಮ್ಮ ಮನೆ. ಮರುದಿನ ವಾರ್ಡ್ ಸಭೆಗೆ ಮತದಾನ. ಕೆಳಗೆ ಬಿಳಿ ವ್ಯಾನೊಂದು ನಡಿಗೆಯ ವೇಗದಲ್ಲಿ ಹೋಗುತ್ತಿತ್ತು. ಕಿಟಕಿಗಳಿಂದ ಬಿಳಿ ಕೈಗವಸಿನ ಕೈಗಳು ಹೊರಬಂದು ಬೀಸುತ್ತಿದ್ದವು.

"ಏನಂತಾಳೆ ಆ ಹುಡುಗಿ?"

"ಹೆಸರು ಹೇಳ್ತಿದಾಳಮ್ಮ, ನಿಂತವರದು."

"ಅದು ಗೊತ್ತಾಯ್ತು ಕಣೆ. ಹೆಸರಾದ್ಮೇಲೆ?"

"ಮತ್ತೆ ಹೆಸರೇ."

ವ್ಯಾನು ತಿರುವಿನಲ್ಲಿ ಮರೆಯಾಗುವ ತನಕ ಅಮ್ಮ ನೋಡುತ್ತಲೇ ಇದ್ದಳು. "ಯಾರ ಮನೆಗೂ ಹೋಗಲ್ವೇನೇ ಇವರು?" ಅಂದಳು.

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿದೆ. 1987ರ ಜನವರಿಯಲ್ಲಿ ಕರ್ನಾಟಕದಲ್ಲಿ ಮಂಡಲ ಪಂಚಾಯಿತಿಗಳಿಗೆ ಮೊದಲ ಚುನಾವಣೆ ನಡೆದಾಗ, ಹೆಂಗಸರಿಗೆಂದು ಮೀಸಲಿಟ್ಟ ಶೇಕಡಾ 25ರ ಸ್ಥಾನಗಳಲ್ಲಿ ಒಂದಕ್ಕೆ ಅಮ್ಮ ನಿಂತಿದ್ದಳು. ನನಗಾಗ ಒಂಬತ್ತು ವರ್ಷ. ಅವಳ ಸೆರಗು ಹಿಡಿದು ತೋಟದ ಸಾಲಿನ ಒಂದೊಂದು ಮನೆಯನ್ನೂ ಹತ್ತಿ ಇಳಿದಿದ್ದೆ. ಅಮ್ಮ ಜಗಲಿಯ ಮೇಲೆ ಕೂರುತ್ತಿದ್ದಳು, ಕೊಟ್ಟ ಕಾಫಿ ಕುಡಿಯುತ್ತಿದ್ದಳು, ಮಗುವಿನ ಕೆಮ್ಮು, ಎಮ್ಮೆಯ ಹಾಲು ಎಲ್ಲ ವಿಚಾರಿಸಿ, ಎದ್ದು ಹೊರಡುವಾಗ ಮಾತ್ರ ಓಟಿನ ಮಾತು ತೆಗೆಯುತ್ತಿದ್ದಳು. ಮುತ್ತೈದೆಯನ್ನು ಬರಿಗೈಲಿ ಕಳಿಸಬಾರದೆಂದು ಎಲ್ಲರೂ ಕುಂಕುಮ ಇಡುವವರೇ. ಸಂಜೆ ಹೊತ್ತಿಗೆ ಅವಳ ಹಣೆಯ ಮೇಲೆ ಕುಂಕುಮ ಹೆಪ್ಪುಗಟ್ಟಿ, ಚೂರುಚೂರಾಗಿ ಮೂಗಿನ ಮೇಲೆ ಉದುರುತ್ತಿತ್ತು. ಮನೆಗೆ ಬಂದಮೇಲೂ ಒರೆಸಿಕೊಳ್ಳುತ್ತಿರಲಿಲ್ಲ.

ಜಪಾನಿನಲ್ಲಿ ಹಾಗೆ ಮನೆಮನೆಗೆ ಹೋಗಿ ಮತ ಕೇಳುವುದು ಅಪರಾಧ. ಈ ನಿಷೇಧಕ್ಕೆ ಸುಮಾರು ನೂರು ವರ್ಷದ ಚರಿತ್ರೆಯಿದೆ.

1890ರ ಜುಲೈ 1ರಂದು ಇಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ನಡೆದಾಗ ಮತ ಇದ್ದದ್ದು ವರ್ಷಕ್ಕೆ 15 ಯೆನ್ ನೇರ ತೆರಿಗೆ ಕಟ್ಟುವ, 25 ದಾಟಿದ ಗಂಡಸರಿಗೆ ಮಾತ್ರ. ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರು. ಅಂಥ ಮತದಾರರ ಮನೆ ಹುಡುಕಿಕೊಂಡು ಹೋಗುವುದು ಸುಲಭ, ಹಣ ಕೊಡುವುದೂ ಸುಲಭ, ಬೆದರಿಸುವುದೂ ಸುಲಭ. 1892ರ ಎರಡನೇ ಚುನಾವಣೆಯಲ್ಲಿ ಸರ್ಕಾರವೇ ಪೊಲೀಸರನ್ನು ಬಿಟ್ಟು ವಿರೋಧಿಗಳನ್ನು ಹತ್ತಿಕ್ಕಲು ಹೋಗಿ 25 ಜನ ಸತ್ತರು. 1925ರಲ್ಲಿ ತೆರಿಗೆಯ ಷರತ್ತು ತೆಗೆದು, 25 ದಾಟಿದ ಗಂಡಸರಿಗೆಲ್ಲ ಮತ ಕೊಟ್ಟರು. ಮನೆ ಭೇಟಿಯನ್ನು ನಿಷೇಧಿಸಿದ್ದು ಅದೇ ಕಾನೂನು. ಲಂಚ ತಡೆಯಲು ಅಂದರು. ಇರಬಹುದು. ಆದರೆ ಎಡಪಂಥೀಯರನ್ನು ಹಿಡಿದು ಹಾಕಲು ಶಾಂತಿ ಪಾಲನಾ ಕಾಯ್ದೆ ತಂದದ್ದೂ ಅದೇ ವರ್ಷವೇ. ಹೊಸದಾಗಿ ಮತ ಪಡೆದ ಕೂಲಿಕಾರನ ಬಾಗಿಲಿಗೆ ಯಾರು ಬರುತ್ತಾರೋ ಎಂಬ ಅಂಜಿಕೆ ಈ ನಿಷೇಧದಲ್ಲೂ ಇತ್ತೆಂದೇ ನಾನು ನಂಬಿದ್ದೇನೆ. ಯುದ್ಧ ಮುಗಿದು, 1946ರ ಏಪ್ರಿಲ್ 10ರಂದು ಹೆಂಗಸರು ಮೊದಲ ಬಾರಿ ಮತ ಹಾಕಿ 39 ಮಹಿಳೆಯರನ್ನು ಗೆಲ್ಲಿಸಿದರು. ಇಷ್ಟೆಲ್ಲ ಬದಲಾದರೂ 1950ರ ಚುನಾವಣಾ ಕಾಯ್ದೆಯಲ್ಲಿ ನಿಷೇಧ ಉಳಿಯಿತು. 1981ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹಣವಿಲ್ಲದ ಹೊಸಬನಿಗೆ ಇರುವುದು ಎರಡು ಕಾಲು ಮಾತ್ರ. ಅವನನ್ನು ಹೊಸಿಲಿನಾಚೆಯೇ ನಿಲ್ಲಿಸುವುದು ನ್ಯಾಯವೆಂದು ನನಗೆ ಇವತ್ತಿಗೂ ಅನಿಸಿಲ್ಲ.

ಮನೆಯೊಳಗೆ ಹೋಗುವಂತಿಲ್ಲದ ಮೇಲೆ ದನಿಯನ್ನೇ ಕಳಿಸಬೇಕು. ಆ ದಾರಿ ಅದಕ್ಕೂ ಮೊದಲೇ ತೆರೆದಿತ್ತು. 1889ರ ಬಾಂಬ್ ದಾಳಿಯಲ್ಲಿ ಒಂದು ಕಾಲು ಕಳೆದುಕೊಂಡಿದ್ದ ಓಕುಮಾ ಶಿಗೆನೊಬು, 1915ರ ಚುನಾವಣೆಯ ಹೊತ್ತಿಗೆ ಪ್ರಧಾನಿ. ರೈಲು ನಿಂತ ನಿಲ್ದಾಣಗಳಲ್ಲಿ ಬೋಗಿಯಿಂದಲೇ ಭಾಷಣ ಮಾಡಿದರು, ಹೋಗಲಾಗದ ಊರುಗಳಿಗೆ ಗ್ರಾಮಫೋನ್ ತಟ್ಟೆಯಲ್ಲಿ ತಮ್ಮ ಮಾತು ತುಂಬಿ ಕಳಿಸಿದರು. ಇವತ್ತಿನ ವ್ಯಾನು ಆ ಬೋಗಿಯ ಮೊಮ್ಮಗು. ಅದರೊಳಗೆ ಕೂತು ಕೂಗುವ ಹೆಂಗಸರನ್ನು ಇಲ್ಲಿ ಉಗುಯಿಸು ಅನ್ನುತ್ತಾರೆ. ಉಗುಯಿಸು ಅಂದರೆ ನಮ್ಮ ಕೋಗಿಲೆಯ ಹಾಗೆ ವಸಂತವನ್ನು ಸಾರುವ ಹಕ್ಕಿ.

ಹಾಗಾದರೆ ಬರೀ ಹೆಸರೇಕೆ? ಚಲಿಸುವ ವಾಹನದಿಂದ ಭಾಷಣ ಮಾಡುವಂತಿಲ್ಲ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಹೆಸರನ್ನು ಮತ್ತೆಮತ್ತೆ ಕೂಗಬಹುದು, ಅಷ್ಟೇ. ಇನ್ನೊಂದು ಕಾರಣ ಮತಗಟ್ಟೆಯೊಳಗಿದೆ. ಅಲ್ಲಿ ಚಿಹ್ನೆಯಿಲ್ಲ, ಮೊಹರಿಲ್ಲ, ಗುಂಡಿಯಿಲ್ಲ. ಖಾಲಿ ಚೀಟಿಯ ಮೇಲೆ ತನ್ನ ಅಭ್ಯರ್ಥಿಯ ಹೆಸರನ್ನು ಮತದಾರನೇ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಕಿವಿಯಲ್ಲಿ ನಿಂತ ಹೆಸರು ಕೈಗೆ ಬರುತ್ತದೆ ಎಂಬ ಲೆಕ್ಕ. ಅದಕ್ಕೇ ಕಠಿಣ ಅಕ್ಷರಗಳ ಹೆಸರಿನವರು ಪೋಸ್ಟರಿನಲ್ಲಿ ಅದನ್ನು ಮಕ್ಕಳೂ ಬರೆಯುವ ಹಿರಾಗಾನಾ ಲಿಪಿಗೆ ಬಿಡಿಸಿಕೊಳ್ಳುತ್ತಾರೆ. ಮಹಾರಾಷ್ಟ್ರದಿಂದ ಬಂದು 2012ರಲ್ಲಿ ಇಲ್ಲಿನ ಪೌರರಾದ ಪುರಾಣಿಕ್ ಯೋಗೇಂದ್ರ ಅವರೂ ಆ ಸಲ ನಮ್ಮ ವಾರ್ಡಿನಲ್ಲಿ ನಿಂತಿದ್ದರು. ಪೋಸ್ಟರು ಅಂಟಿಸುವ ಹಲಗೆಯ ಮೇಲೆ ಅವರ ಹೆಸರು ಎರಡೇ ಅಕ್ಷರ: ಯೋ, ಗಿ. 6,477 ಜನ ಅವರ ಹೆಸರನ್ನು ಬರೆದು ಗೆಲ್ಲಿಸಿದರು.

ಮಧ್ಯಾಹ್ನ ಆ ಹಲಗೆಯ ಮುಂದೆ ನಿಂತಾಗ ಅಮ್ಮನಿಗೆ ಇನ್ನೊಂದು ಸಂಗತಿ ಹೇಳಿದೆ. ಒಂದೇ ಮನೆತನದ ಹೆಸರಿನ ಇಬ್ಬರು ನಿಂತಿದ್ದು, ಚೀಟಿಯಲ್ಲಿ ಆ ಹೆಸರಷ್ಟೇ ಇದ್ದರೆ, ಆ ಮತವನ್ನು ಬಿಸಾಡುವುದಿಲ್ಲ. ಇಬ್ಬರಿಗೂ ಅವರವರ ಉಳಿದ ಮತಗಳ ಪ್ರಮಾಣದಲ್ಲಿ ಹಂಚುತ್ತಾರೆ. ಆದ್ದರಿಂದಲೇ ಫಲಿತಾಂಶದಲ್ಲಿ ಕೆಲವರ ಮತಕ್ಕೆ ದಶಮಾಂಶವೂ ಇರುತ್ತದೆ.

"ಬಿಸಾಡಲ್ವಾ?"

"ಇಲ್ಲಮ್ಮ."

ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಅದನ್ನೇ ಕೇಳಿದಳು. ಅಮ್ಮ ಸೋತದ್ದು ನಾಲ್ಕು ಮತಗಳಿಂದ. ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಮೊಹರು ಬಿದ್ದಿದ್ದ ಒಂಬತ್ತು ಚೀಟಿಗಳನ್ನು ಅವತ್ತು ತಿರಸ್ಕರಿಸಿದ್ದರು.

ರಾತ್ರಿ ಎಂಟಕ್ಕೆ ವಾರವಿಡೀ ಕೂಗಿದ ಮೈಕುಗಳೆಲ್ಲ ಒಟ್ಟಿಗೆ ನಿಂತವು. ಊಟ ಮುಗಿಸಿ ನಾವು ನಿಲ್ದಾಣದ ಕಡೆ ಹೋದೆವು. ಬೆಳಿಗ್ಗೆ ಕಂಡ ವ್ಯಾನಿನ ಅಭ್ಯರ್ಥಿ, ಮೂವತ್ತೈದರ ಆಸುಪಾಸಿನ ಹೆಂಗಸು, ಹೆಗಲಿಂದ ಅಡ್ಡಪಟ್ಟಿ ಹಾಕಿಕೊಂಡು ಮೆಟ್ಟಿಲ ಬಳಿ ಒಬ್ಬಳೇ ನಿಂತಿದ್ದಳು. ತೋಜ಼ಾಯ್ ಲೈನಿನ ಒಂದೊಂದು ರೈಲು ಜನರನ್ನು ಇಳಿಸಿದಾಗಲೂ ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದಳು. ದನಿ ಪೂರ್ತಿ ಒಡೆದಿತ್ತು. ಕೈಗವಸಿನ ಬೆರಳ ತುದಿಗಳು ಕಂದಾಗಿದ್ದವು.

ಅಮ್ಮ ಚೀಲದಿಂದ ಚಿತ್ರಾನ್ನದ ಡಬ್ಬಿ ತೆಗೆದಳು. ನನಗೆ ಹೇಳದೆ ತುಂಬಿಸಿಕೊಂಡು ಬಂದಿದ್ದಳು. ನಾನು ಅವಳ ಕೈ ಹಿಡಿದೆ. ಪ್ರಚಾರದಲ್ಲಿರುವವರಿಗೆ ಚಹಾ ಮತ್ತು ಅದರ ಜೊತೆಗಿನ ಮಾಮೂಲಿ ತಿಂಡಿ ಬಿಟ್ಟು ಊಟ ಕೊಡುವಂತಿಲ್ಲ, ಅದೂ ಕಾನೂನು.

ಅಮ್ಮ ಡಬ್ಬಿಯನ್ನು ಒಳಗಿಟ್ಟು, ಹತ್ತಿರ ಹೋಗಿ ಕೈ ಮುಗಿದಳು. ಆಕೆ ಬಗ್ಗಿದಳು. "ನಮಗಿಲ್ಲಿ ಓಟಿಲ್ಲ ಕಣಮ್ಮ," ಅಂದಳು ಅಮ್ಮ ಕನ್ನಡದಲ್ಲೇ. "ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?"