ಹೊಸ ಕಂಪ್ಯೂಟರಿಗೆ ಯಾವ ಡಿಸ್ಕ್?

ದಾವಣಗೆರೆ, ಹರಿಹರಗಳಲ್ಲಿ ಹೊಸ ಕಂಪ್ಯೂಟರ್ ಜೋಡಿಸಿಕೊಳ್ಳುವವರು ಡಿಸ್ಕ್ ಎಷ್ಟು ಜಿಬಿ ಎಂದಷ್ಟೇ ಕೇಳಿದರೆ ಸಾಲದು. ಅದು ಮದರ್‌ಬೋರ್ಡಿಗೆ ಸೇರುವ ಬಗೆಯನ್ನೂ, ಅಂದರೆ ಇಂಟರ್‌ಫೇಸ್ ಯಾವುದೆಂಬುದನ್ನೂ, ವಿಚಾರಿಸಬೇಕು.

ಅಗಲ ಪಟ್ಟಿಯಂಥ ಕೇಬಲ್‌ನ ಐಡಿಇ ಸೆಕೆಂಡಿಗೆ ಗರಿಷ್ಠ 133 ಮೆಗಾಬೈಟ್ ಮಾಹಿತಿ ಸಾಗಿಸುತ್ತಿತ್ತು. 2003ರಲ್ಲಿ ಬಂದ ಸಾಟಾ ಅದನ್ನು ಬದಿಗೆ ಸರಿಸಿತು. 2009ರ ಮೂರನೆಯ ಆವೃತ್ತಿಯ ಮಿತಿ ಸುಮಾರು 600 ಮೆಗಾಬೈಟ್. ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಇದರ ಅರ್ಧವನ್ನೂ ಮುಟ್ಟದು. ಆದುದರಿಂದ ಫೋಟೊ, ವಿಡಿಯೊ ಕೂಡಿಡಲು ಸಾಟಾ ಧಾರಾಳವಾಯಿತು.

ವಿಂಡೋಸ್ ಇರಿಸಲು ಮಾತ್ರ ಎಸ್‌ಎಸ್‌ಡಿಯೇ ಲೇಸು. 2011ರಲ್ಲಿ ರೂಪುಗೊಂಡ ಎನ್‌ವಿಎಂಇ ವಿಧಾನದ ಎಸ್‌ಎಸ್‌ಡಿಗಳಲ್ಲಿ 3,500 ಮೆಗಾಬೈಟ್ ವೇಗ ಈಗ ವಿಶೇಷವೇನಲ್ಲ. ತೊಡಕಿರುವುದು ಎಂ.2 ಎಂಬ ಹೆಸರಿನಲ್ಲಿ. ಅದು ಆಕಾರದ ಹೆಸರೇ ಹೊರತು ಇಂಟರ್‌ಫೇಸ್‌ನದಲ್ಲ. ಎಂ.2 ಎಸ್‌ಎಸ್‌ಡಿ ಸಾಟಾದ್ದೂ ಇರಬಹುದು, ಎನ್‌ವಿಎಂಇಯದೂ ಇರಬಹುದು. ಸ್ಲಾಟಿನಲ್ಲಿ ಸರಿಯಾಗಿ ಕುಳಿತರೂ ಮದರ್‌ಬೋರ್ಡ್ ಅದನ್ನು ಗುರುತಿಸದೇ ಹೋಗಬಹುದು. ಹರಿಹರದವರು ದಾವಣಗೆರೆಗೆ ಎರಡನೆಯ ಬಾರಿ ಬಸ್ಸು ಹತ್ತುವುದನ್ನು ತಪ್ಪಿಸಲು ಬೋರ್ಡಿನ ಕೈಪಿಡಿಯನ್ನು ಮೊದಲೇ ನೋಡುವುದು ಒಳಿತು.

ಇಂದಿನ ಬೋರ್ಡುಗಳಲ್ಲಿ ಐಡಿಇ ಕನೆಕ್ಟರ್ ಇರುವುದಿಲ್ಲ. ಹಳೆಯ ಡಿಸ್ಕಿನಲ್ಲಿ ಅಂಗಡಿಯ ಲೆಕ್ಕಪತ್ರ ಉಳಿದಿದ್ದರೆ, ಅದನ್ನು ಗುಜರಿಗೆ ಹಾಕುವ ಮುನ್ನ ಯುಎಸ್‌ಬಿ ಅಡಾಪ್ಟರ್ ಮೂಲಕ ನಕಲಿಸಿಕೊಳ್ಳಬೇಕು.